ರಾಜನ ಜೋಡಿ ಬಂದರೂ ಕೆಲವೊಮ್ಮೆ ಬಿಡಬೇಕು: ಆನ್‌ಲೈನ್ ಪೋಕರ್ ಟೂರ್ನಮೆಂಟಿನ ಮೊದಲ ಗಂಟೆ

ಕಳೆದ ಆಟಿ ತಿಂಗಳ ಒಂದು ಭಾನುವಾರ. ಹೊರಗೆ ಜಡಿಮಳೆ, ತೋಟಕ್ಕೆ ಇಳಿಯುವ ಹಾಗೇ ಇಲ್ಲ. ನೀರ್ಚಾಲಿನ ಮನೆಯ ಜಗಲಿಯಲ್ಲಿ ಕೂತು ನನ್ನ ಭಾವ ಮೊಬೈಲಿನಲ್ಲಿ ನಮ್ಮ ಬಳಗದ ಪೋಕರ್ ಟೂರ್ನಮೆಂಟ್ ಆಡುತ್ತಿದ್ದ. ನಾನು ಪಕ್ಕದಲ್ಲೇ ಇದ್ದೆ. ಮೂರನೇ ಕೈಗೇ ಅವನಿಗೆ ರಾಜನ ಜೋಡಿ ಬಂತು. ಜೋರಾಗಿ ರೈಸ್ ಮಾಡಿದರೆ (ಬೆಟ್ ಏರಿಸಿದರೆ) ಎಲ್ಲರೂ ಓಡಿ ಹೋಗುತ್ತಾರೆ ಅಂತ ಅವನು ಬರೇ 50 ಚಿಪ್ಸ್ ಹಾಕಿ ಸುಮ್ನೆ ಕೂತ. ಹಿಂದಿನಿಂದ ಇನ್ನೂ ಮೂವರು 50 ಹಾಕಿದರು. ಎಲೆ ನೋಡುವ ಮೊದಲೇ ಕಡ್ಡಾಯವಾಗಿ 50 ಹಾಕಿದ್ದ ಬಿಗ್ ಬ್ಲೈಂಡ್‌ನವನಂತೂ ಒಂದು ಚಿಪ್ಪೂ ಜಾಸ್ತಿ ಕೊಡದೆ ಒಳಗೆ ಬಂದ. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ಮೇಜಿಗೆ ಬೀಳುವ ಮೊದಲ ಮೂರು ಎಲೆಯಾಗಿ, 9, 7, 4 ಬಿತ್ತು. ಭಾವ ಬೆಟ್ ಹಾಕಿದ, ಆ ಬಿಗ್ ಬ್ಲೈಂಡ್‌ನವನು ರೈಸ್ ಮಾಡಿದ, ಭಾವ ಇದ್ದದ್ದೆಲ್ಲ ತಳ್ಳಿದ. ಬಿಗ್ ಬ್ಲೈಂಡ್‌ನವನ ಕೈಯಲ್ಲಿ ಇದ್ದದ್ದು 9 ಮತ್ತು 7. ಎರಡು ಜೋಡಿ. ನಾಲ್ಕು ನಿಮಿಷದೊಳಗೆ 5000 ಚಿಪ್ಸ್ ಖಾಲಿ.

"ರಾಜನ ಜೋಡಿ ಅಲ್ವಾ ಭಾವ, ಹೇಗೆ ಬಿಡುವುದು?" ಅಂತ ಕೇಳಿದ. ಮತ್ತೆ ಎರಡು ಗಂಟೆ ಬೇರೆಯವರ ಆಟ ನೋಡುತ್ತಾ ಕೂತ.

ಅವನ ಆ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ತಪ್ಪು ಆಗಿದ್ದು ಎರಡು ಕಡೆ. ಫ್ಲಾಪ್‌ಗೆ ಮೊದಲು ಜೋರಾಗಿ ಆಡಬೇಕಿದ್ದಲ್ಲಿ ಅವನು ಮೆತ್ತಗೆ ಆಡಿದ. ಫ್ಲಾಪ್ ಆದ ಮೇಲೆ ತಡೆದು ನೋಡಬೇಕಿದ್ದಲ್ಲಿ ಎಲ್ಲವನ್ನೂ ತಳ್ಳಿದ. ಹೊಸದಾಗಿ ಆಡುವವರಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಈ ಎರಡು ತಪ್ಪುಗಳನ್ನೇ, ಅದೂ ಇದೇ ಕ್ರಮದಲ್ಲಿ.

ಶುರು ಮಾಡುವ ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾನೂನು ಪಾಸು ಮಾಡಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ವ್ಯತ್ಯಾಸ ಇಲ್ಲ. ಗಡಿಯ ಈಚೆ ಕಾಸರಗೋಡಿಗೂ ಆಚೆ ಪುತ್ತೂರಿಗೂ ಒಂದೇ ಕಾನೂನು. ನಮ್ಮ ಬಳಗದಲ್ಲಿ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದವರು ಇದ್ದಾರೆ, ಬೆಂಗಳೂರು, ದುಬೈ ಸೇರಿದವರೂ ಇದ್ದಾರೆ. ಎಲ್ಲರೂ ಆಡುವುದು ಫ್ರೀ ಚಿಪ್ಸ್‌ನಲ್ಲಿ. ಗೆದ್ದವನ ಹೆಸರು ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ, ಅಷ್ಟೇ. ಚಿಪ್ಸ್ ಕೊಡುತ್ತೇನೆ, ಈ ನಂಬರಿಗೆ ದುಡ್ಡು ಹಾಕಿ ಅಂತ ಯಾರಾದರೂ ಕೇಳಿದರೆ ಆ ಆಟಕ್ಕೆ ಕೂರಬೇಡಿ. ಆಟದ ಲೆಕ್ಕಾಚಾರ ಕಲಿಯಲು ದುಡ್ಡು ಬೇಕಾಗಿಯೇ ಇಲ್ಲ.

ಮೊದಲ ಕೆಲಸ: ಇಪ್ಪತ್ತೆಂಟರ ಅಭ್ಯಾಸ ಬಿಡಿ

ನಮ್ಮ ಕಡೆ ಪೋಕರ್‌ಗೆ ಬರುವ ಹೆಚ್ಚಿನವರು ಇಪ್ಪತ್ತೆಂಟು ಆಡಿ ಬೆಳೆದವರು. ಮದುವೆ ಮನೆಯ ಹಿಂದಿನ ರಾತ್ರಿ, ಮಳೆಗಾಲದ ಮಧ್ಯಾಹ್ನ, ಚಾಪೆ ಹಾಕಿ ನಾಲ್ಕು ಜನ ಕೂತರೆ ಅದೇ ಆಟ. ಆ ಆಟದಲ್ಲಿ ಗುಲಾಮನಿಗೆ 3 ಪಾಯಿಂಟು, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ತಲಾ 1. ರಾಜ, ರಾಣಿಗೆ ಏನೂ ಇಲ್ಲ. ಗುಲಾಮ ಮತ್ತು ಒಂಬತ್ತು ಒಂದೇ ಬಣ್ಣದಲ್ಲಿ (ಎರಡೂ ಇಸ್ಪೀಟು, ಇಲ್ಲವೇ ಎರಡೂ ಆಟೀನು, ಹೀಗೆ) ಬಂದರೆ ಕೈ ತುರಿಸುತ್ತದೆ, ಬಾಯಿ ತಾನಾಗಿ ಹರಾಜು ಏರಿಸುತ್ತದೆ.

ಪೋಕರ್‌ನಲ್ಲಿ ಅದೇ ಗುಲಾಮ ನಾಲ್ಕನೆಯವನು. ಎಕ್ಕ, ರಾಜ, ರಾಣಿ, ಆಮೇಲೆ ಗುಲಾಮ. ಗುಲಾಮ-ಒಂಬತ್ತು ಟೂರ್ನಮೆಂಟಿನ ಶುರುವಿನಲ್ಲಿ ಹೆಚ್ಚಿನ ಸಲ ಬಿಡಬೇಕಾದ ಕೈ. ನಮ್ಮ ಗುಂಪಿನಲ್ಲಿ ಇಪ್ಪತ್ತೆಂಟಿನಲ್ಲಿ ಪಳಗಿದ ಹಿರಿಯರೊಬ್ಬರು ತಿಂಗಳುಗಟ್ಟಲೆ ಗುಲಾಮ ಕಂಡ ಕೂಡಲೇ ಒಳಗೆ ಬರುತ್ತಿದ್ದರು. ಬುದ್ಧಿಗೆ ಗೊತ್ತಿದ್ದರೂ ಕಣ್ಣಿಗೆ ಗೊತ್ತಾಗಲು ಸಮಯ ಬೇಕು. ಇನ್ನೆರಡು ವಿಷಯವೂ ನೆನಪಿರಲಿ. ಇಲ್ಲಿ ತುರುಪು ಇಲ್ಲ. ಎದುರು ಕೂತವನು ನಿಮ್ಮ ಪಾಲುದಾರನೂ ಅಲ್ಲ.

ಇಪ್ಪತ್ತೆಂಟಿನ ಒಂದು ಗುಣ ಮಾತ್ರ ಇಲ್ಲಿಗೂ ತನ್ನಿ. ಅಲ್ಲಿ ನಾಲ್ಕು ಎಲೆ ನೋಡಿ ಹರಾಜು ಕೂಗುತ್ತೇವೆ, ಉಳಿದ ನಾಲ್ಕು ಆಮೇಲೆ ಬರುತ್ತವೆ. ಅಂದರೆ ಅರ್ಧ ಕಂಡು ಬೆಲೆ ಹೇಳುವುದು ನಮಗೆ ಗೊತ್ತಿದೆ. ಪೋಕರ್‌ನಲ್ಲೂ ಎರಡೇ ಎಲೆ ನೋಡಿ ಬೆಲೆ ಹೇಳಬೇಕು, ಐದು ಎಲೆ ಮೇಜಿಗೆ ಆಮೇಲೆ ಬೀಳುತ್ತವೆ. ಎಲೆ ಬಂದ ಮೇಲೆ ಬೆಲೆ ಬದಲಾಗಬಹುದು ಅನ್ನುವುದೇ ಮುಖ್ಯ.

ಎರಡನೆಯದು: ಕೈಗಳನ್ನು ಆರಿಸಿ ರಾಶಿ ಹಾಕಿ

ಅಡಿಕೆ ಸುಲಿದ ಮೇಲೆ ಅಂಗಳದಲ್ಲಿ ಕೂತು ಆರಿಸುವುದನ್ನು ನೋಡಿದವರಿಗೆ ಇದು ಸುಲಭ. ನನ್ನ ಅಮ್ಮ ಆರಿಸುವಾಗ ಅಡಿಕೆಯನ್ನು ನೋಡಿದ ಹಾಗೇ ಕಾಣುವುದಿಲ್ಲ, ಬೆರಳೇ ನೋಡುತ್ತದೆ. ಒಳ್ಳೆ ಚಾಲಿ ಒಂದು ರಾಶಿಗೆ, ಪಟೋರ ಇನ್ನೊಂದಕ್ಕೆ, ಉಳ್ಳಿಗಡ್ಡೆ, ಕೆಳದರ್ಜೆಯ ಕೋಕ ಅದರದರ ಬುಟ್ಟಿಗೆ. "ಇದು ಚಂದ ಕಾಣುತ್ತದಲ್ಲ, ಮೇಲಿನ ರಾಶಿಗೆ ಹಾಕಲಾ?" ಅಂತ ಯಾವತ್ತೂ ಯೋಚಿಸುವುದಿಲ್ಲ. ಎರಡು ಎಲೆ ತಿರುಗಿದ ಕೂಡಲೇ ನಿಮ್ಮ ಮನಸ್ಸೂ ಹಾಗೇ ಆರಿಸಬೇಕು.

ಮೇಲಿನ ರಾಶಿ ಚಿಕ್ಕದು: ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ, ಮತ್ತು ಎಕ್ಕ-ರಾಜ. ಅಷ್ಟೇ.

ಎರಡನೇ ರಾಶಿಯಲ್ಲಿ ಗುಲಾಮನ ಜೋಡಿ, ಹತ್ತರ ಜೋಡಿ, ಎಕ್ಕ-ರಾಣಿ, ಒಂದೇ ಬಣ್ಣದ ಎಕ್ಕ-ಗುಲಾಮ, ಒಂದೇ ಬಣ್ಣದ ರಾಜ-ರಾಣಿ. ಒಳ್ಳೆ ಕೈಗಳೇ, ಆದರೆ ಜಾಗ ನೋಡಿ ಆಡಬೇಕು.

ಮೂರನೆಯದರಲ್ಲಿ 2ರಿಂದ 9ರವರೆಗಿನ ಚಿಕ್ಕ ಜೋಡಿಗಳು, ಮತ್ತೆ 8-7, 9-8 ಇಂಥ ಒಂದೇ ಬಣ್ಣದ ಅಕ್ಕಪಕ್ಕದ ಎಲೆಗಳು. ಅಗ್ಗಕ್ಕೆ ಸಿಕ್ಕಿದರೆ ಮಾತ್ರ ಇವುಗಳಿಂದ ಫ್ಲಾಪ್ ನೋಡಬಹುದು. ಉಳಿದದ್ದೆಲ್ಲ ಕೋಕ. ಎಕ್ಕ-6, ರಾಜ-8, ರಾಣಿ-5 ನೋಡಲು ಚಂದ. ಫೋಲ್ಡ್ ಮಾಡಿ, ಅಂದರೆ ಎಲೆ ಬಿಟ್ಟು ಆ ಕೈಯಿಂದ ಹೊರಗೆ ಬನ್ನಿ.

ಮೇಲಿನ ರಾಶಿ ಎಷ್ಟು ಚಿಕ್ಕದು ಅಂತ ಲೆಕ್ಕ ಹಾಕಿ ನೋಡೋಣ. 52 ಎಲೆಯಿಂದ ಎರಡು ಎಲೆಯ ಕೈ 1326 ರೀತಿಯಲ್ಲಿ ಬರಬಹುದು. ಎಕ್ಕದ ಜೋಡಿ ಅದರಲ್ಲಿ 6 ಮಾತ್ರ, ಅಂದರೆ 221 ಕೈಗೆ ಒಮ್ಮೆ. ರಾಜನ ಜೋಡಿ, ರಾಣಿಯ ಜೋಡಿ ಕೂಡ ಹಾಗೇ. ಎಕ್ಕ-ರಾಜ 16 ರೀತಿ. ಒಟ್ಟು 34. ಸುಮಾರು 39 ಕೈಗೆ ಒಮ್ಮೆ ಇವುಗಳಲ್ಲಿ ಒಂದು ಸಿಗುತ್ತದೆ. ಆನ್‌ಲೈನ್‌ನಲ್ಲಿ ಗಂಟೆಗೆ 60 ಕೈ ಆಡಿದರೆ ಒಂದೋ ಎರಡೋ ಸಲ. ಕೆಲವು ಗಂಟೆ ಬರುವುದೇ ಇಲ್ಲ. ಅಷ್ಟು ಕಾದು ಸಿಕ್ಕಿದ್ದನ್ನು 50 ಚಿಪ್ಸ್‌ಗೆ ಲಿಂಪ್ ಮಾಡಿ (ರೈಸ್ ಮಾಡದೆ ಬಿಗ್ ಬ್ಲೈಂಡ್‌ನಷ್ಟೇ ಹಾಕಿ) ಹಾಳು ಮಾಡಿದರೆ ಹೊಟ್ಟೆ ಉರಿಯುವುದಿಲ್ವಾ?

ಮೂರನೆಯದು: ನೀವು ನಿಜವಾಗಿ ಆರಂಭದಲ್ಲಿದ್ದೀರಾ ಅಂತ ನೋಡಿ

ಆರಂಭ ಅಂದರೆ ಗಡಿಯಾರದ ಲೆಕ್ಕ ಅಲ್ಲ, ಬ್ಲೈಂಡ್ ಲೆಕ್ಕ. ಪ್ರತಿ ಕೈಗೂ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಚಿಪ್ಸೇ ಬ್ಲೈಂಡ್, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್. ನಿಮ್ಮ ಚಿಪ್ಸನ್ನು ಬಿಗ್ ಬ್ಲೈಂಡ್‌ನಿಂದ ಭಾಗಿಸಿ. 5000 ಚಿಪ್ಸ್, ಬ್ಲೈಂಡ್ 25-50 ಆದರೆ 100 ಬಿಗ್ ಬ್ಲೈಂಡ್ ಇದೆ. ಇದು ಆರಂಭ. ನಾನು 50 ಬಿಗ್ ಬ್ಲೈಂಡ್‌ವರೆಗೂ ಆರಂಭ ಅಂತಲೇ ಲೆಕ್ಕ ಹಾಕುತ್ತೇನೆ. ಫ್ರೀ ಟೂರ್ನಮೆಂಟುಗಳಲ್ಲಿ ಬ್ಲೈಂಡ್ ಬೇಗ ಬೇಗ ಏರುತ್ತದೆ. ಬ್ಲೈಂಡ್ 125-250ಕ್ಕೆ ಬಂದಾಗ ಅದೇ 5000 ಬರೇ 20 ಬಿಗ್ ಬ್ಲೈಂಡ್. ಆಗ ಈ ಲೇಖನದ ಅರ್ಧ ಸಲಹೆ ನಡೆಯುವುದಿಲ್ಲ. ರಾಣಿಯ ಜೋಡಿ ಬಂದರೆ ಕಣ್ಣು ಮುಚ್ಚಿ ಆಲ್ ಇನ್ ಹೋಗಬಹುದು, ಇದ್ದದ್ದೆಲ್ಲ ತಳ್ಳಬಹುದು. ನಾನು ಹೇಳುತ್ತಿರುವುದು ಚಿಪ್ಸ್ ರಾಶಿ ದೊಡ್ಡದಿದ್ದು ಬ್ಲೈಂಡ್ ಚಿಕ್ಕದಿರುವ ಹೊತ್ತಿನ ಮಾತು.

ಆ ಹೊತ್ತಿನಲ್ಲಿ ಒಂದು ವಿಷಯ ಸದಾ ನೆನಪಿರಬೇಕು. ಚಿಪ್ಸ್ 5000 ಇದ್ದದ್ದು 10,000 ಆದರೆ ಒಳ್ಳೆಯದೇ, ಆದರೆ ಅದರಿಂದ ಟೂರ್ನಮೆಂಟ್ ಗೆದ್ದ ಹಾಗೆ ಆಗಲಿಲ್ಲ. 5000 ಇದ್ದದ್ದು ಸೊನ್ನೆ ಆದರೆ ಮಾತ್ರ ಆಟ ಮುಗಿಯಿತು.

ನಾಲ್ಕನೆಯದು: ಕೂತ ಜಾಗ

ಬಟನ್, ಅಂದರೆ ಎಲೆ ಹಂಚುವವನ ಜಾಗದ ಗುರುತು, ಎಲ್ಲಿದೆ ನೋಡಿ. ಬಟನ್‌ನವನು ಫ್ಲಾಪ್ ಆದ ಮೇಲೆ ಕೊನೆಗೆ ಆಡುತ್ತಾನೆ, ಎಲ್ಲರ ನಡೆ ನೋಡಿ ತೀರ್ಮಾನಿಸುತ್ತಾನೆ. ಮೇಲಿನ ರಾಶಿಯ ನಾಲ್ಕು ಕೈಗಳನ್ನು ಎಲ್ಲಿ ಕೂತಿದ್ದರೂ ರೈಸ್ ಮಾಡಿ. ಎರಡನೇ ರಾಶಿಯವನ್ನು 9 ಜನರ ಮೇಜಿನಲ್ಲಿ ಮೊದಲ ಸೀಟಿನಿಂದ ಆಡುವಾಗ ಯೋಚಿಸಿ, ಹಿಂದೆ 8 ಜನ ಕಾದಿರುತ್ತಾರೆ. ಗುಲಾಮನ ಜೋಡಿ ಸರಿ. ಎಕ್ಕ-ಗುಲಾಮ ನಾನಾದರೆ ಬಿಡುತ್ತೇನೆ. ಅದೇ ಕೈ ಬಟನ್‌ನಲ್ಲಿ ಬಂದು ಮುಂದಿನವರೆಲ್ಲ ಫೋಲ್ಡ್ ಮಾಡಿದ್ದರೆ ಸಂತೋಷದಿಂದ ರೈಸ್ ಮಾಡುತ್ತೇನೆ.

ಐದನೆಯದು: ಫ್ಲಾಪ್‌ಗೆ ಮೊದಲು ಬಾಯಿ ಬಿಟ್ಟು ಬೆಲೆ ಹೇಳಿ

ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಮುಖ ತೋರಿಸುವುದು ನೋಡಲು ಚಂದ. ಎಕ್ಕದ ಜೋಡಿಗೆ ಆ ಪ್ರವೇಶ ಬೇಡ. ಶುರುವಿನಲ್ಲೇ ರಂಗಕ್ಕೆ ಬರಲಿ.

ಏಕೆ ಅಂತ ಅಂಕಿಯಲ್ಲೇ ನೋಡಿ. ಎಕ್ಕದ ಜೋಡಿ ಎದುರು ಯಾವುದೋ ಒಂದು ಕೈ ಕೊನೆಯ ಎಲೆಯವರೆಗೂ ಬಂದರೆ, 100ಕ್ಕೆ ಸುಮಾರು 85 ಸಲ ಎಕ್ಕವೇ ಗೆಲ್ಲುತ್ತದೆ. ಇಬ್ಬರು ಬಂದರೆ 73. ನಾಲ್ಕು ಜನ ಬಂದರೆ 56. ಐದು ಜನ ಬಂದರೆ ಅರ್ಧಕ್ಕಿಂತಲೂ ಕಡಿಮೆ, ಸುಮಾರು 49. ಜನ ಜಾಸ್ತಿ ಆದಾಗ ಪಾಟ್ (ಮೇಜಿನ ನಡುವೆ ಸೇರಿದ ಚಿಪ್ಸ್) ದೊಡ್ಡದಾಗುವುದೂ ನಿಜ, ಲೆಕ್ಕಕ್ಕೆ ನಷ್ಟವೇ ಅಂತ ಹೇಳಲಾರೆ. ತೊಂದರೆ ಇರುವುದು ಬೇರೆ ಕಡೆ. ನಾಲ್ಕೈದು ಜನ ಒಳಗಿದ್ದರೆ ಫ್ಲಾಪ್‌ನಲ್ಲಿ 9, 7, 4 ಬಿದ್ದಾಗ ನೀವೆಲ್ಲಿದ್ದೀರಿ ಅಂತ ನಿಮಗೇ ತಿಳಿಯುವುದಿಲ್ಲ. ಯಾರ ಹತ್ತಿರ ಏನು ಬೇಕಾದರೂ ಇರಬಹುದು. ಭಾವನಿಗೆ ಆದದ್ದು ಅದೇ. ಅವನು 200 ಹಾಕಿದ್ದರೆ 9-7 ಹಿಡಿದವನು ಒಳಗೆ ಬರಲು ಇನ್ನೂ 150 ಕೊಡಬೇಕಿತ್ತು. ಬಾರದೆಯೂ ಇರುತ್ತಿದ್ದನೇನೋ. ಬಂದಿದ್ದರೂ ಬೆಲೆ ಕೊಟ್ಟು ಬರುತ್ತಿದ್ದ.

ಎಷ್ಟು ರೈಸ್ ಮಾಡಬೇಕು? ಬ್ಲೈಂಡ್ 25-50 ಇದ್ದಾಗ ಸಾಮಾನ್ಯವಾಗಿ 150 ಸಾಕು, ಅಂದರೆ ಬಿಗ್ ಬ್ಲೈಂಡ್‌ನ ಮೂರು ಪಟ್ಟು. ನಿಮಗಿಂತ ಮೊದಲು ಯಾರಾದರೂ ಬರೇ 50 ಹಾಕಿ ಬಂದಿದ್ದರೆ ತಲೆಗೆ 50ರಂತೆ ಸೇರಿಸಿ. ಇಬ್ಬರು ಬಂದಿದ್ದರೆ 250. ಫ್ರೀ ಟೂರ್ನಮೆಂಟಿನ ಮೊದಲ ಹತ್ತು ನಿಮಿಷದಲ್ಲಿ 150ಕ್ಕೆ ಯಾರೂ ಹೆದರುವುದಿಲ್ಲ, ಹೋದರೆ ಹೋಯಿತು ಅಂತ ಕಾಲ್ ಮಾಡುವವರೇ (ಅಷ್ಟೇ ಹಾಕಿ ಒಳಗೆ ಬರುವವರೇ) ತುಂಬಿರುತ್ತಾರೆ. ಅಂಥ ಮೇಜಿನಲ್ಲಿ ನಾನು 200ರಿಂದ ಶುರು ಮಾಡುತ್ತೇನೆ. ಎಷ್ಟಾದರೂ ಸರಿ, ಎಲ್ಲ ಕೈಗೂ ಒಂದೇ ಅಳತೆ ಇಟ್ಟುಕೊಳ್ಳಿ. ಎಕ್ಕದ ಜೋಡಿಗೆ 300, ಹತ್ತರ ಜೋಡಿಗೆ 125 ಅಂತ ಹಾಕಿದರೆ ಅರ್ಧ ಗಂಟೆಯಲ್ಲಿ ಮೇಜಿನವರು ನಿಮ್ಮ ಕೈ ಓದುತ್ತಾರೆ.

ಬೇರೆಯವರು ಮೊದಲೇ ರೈಸ್ ಮಾಡಿದ್ದರೆ? ಮೇಲಿನ ರಾಶಿಯ ಕೈ ಇದ್ದರೆ ಮತ್ತೆ ರೈಸ್ ಮಾಡಿ. ಅವನು 150 ಹಾಕಿದ್ದಾನೆ, ನೀವು ಅವನ ನಂತರ ಆಡುವ ಜಾಗದಲ್ಲಿದ್ದೀರಿ ಅಂದರೆ 450. ನೀವು ಬ್ಲೈಂಡ್‌ನಲ್ಲಿದ್ದು ಫ್ಲಾಪ್ ಆದ ಮೇಲೆ ಮೊದಲು ಆಡಬೇಕಾದರೆ 600. ಅವನು ಅದಕ್ಕೂ ಮೇಲೆ ದೊಡ್ಡದಾಗಿ ರೈಸ್ ಮಾಡಿದ ಅಂತಿಟ್ಟುಕೊಳ್ಳಿ. ಎಕ್ಕದ ಜೋಡಿ ಇದ್ದರೆ ಎಲ್ಲ ಚಿಪ್ಸ್ ಒಳಗೆ ಹೋಗಲಿ, ಮೊದಲ ಕೈಯೇ ಆಗಿದ್ದರೂ. ರಾಜನ ಜೋಡಿ ಇದ್ದರೂ ನಾನು ಬಿಡುವುದಿಲ್ಲ. ನಿಮಗೆ ರಾಜನ ಜೋಡಿ ಬಂದಾಗ 9 ಜನರ ಮೇಜಿನಲ್ಲಿ ಇನ್ನೊಬ್ಬರ ಹತ್ತಿರ ಎಕ್ಕದ ಜೋಡಿ ಇರುವುದು 100ರಲ್ಲಿ ಸುಮಾರು 4 ಸಲ. ಅದಕ್ಕೆ ಹೆದರಿ ಫೋಲ್ಡ್ ಮಾಡುವುದರಲ್ಲಿ ಅರ್ಥ ಇಲ್ಲ. ರಾಣಿಯ ಜೋಡಿ ಮತ್ತು ಎಕ್ಕ-ರಾಜಕ್ಕೆ ಮಾತ್ರ ಎದುರಿನವನನ್ನು ನೋಡಬೇಕು. ಗಂಟೆಯಿಂದ ಒಂದೂ ಕೈ ಆಡದೆ ಕೂತವನು ಮೊದಲ ಸೀಟಿನಿಂದ ಇಷ್ಟು ಜೋರು ಮಾಡಿದರೆ ಬಿಡಿ. ಪ್ರತಿ ಕೈಗೂ ನುಗ್ಗುವವನಾದರೆ ನಿಲ್ಲಿ.

ಆರಂಭದಲ್ಲಿ ಎಲ್ಲವನ್ನೂ ಫೋಲ್ಡ್ ಮಾಡಿ ಕೂತರೆ ಸಾಕು, ದಡ್ಡರು ಹೋಗಲಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದುರ್ಬಲ ಕೈಗೆ ದೊಡ್ಡ ಬೆಲೆ ಕೊಡುವವರು ಮೇಜಿನಲ್ಲಿ ಇರುವುದೇ ಆ ಹೊತ್ತಿನಲ್ಲಿ. ಒಳ್ಳೆ ಕೈಗೆ ಒಳ್ಳೆ ಬೆಲೆ ಸಿಗುವುದೂ ಆಗಲೇ.

ಆರನೆಯದು, ಎಲ್ಲಕ್ಕಿಂತ ಕಷ್ಟದ್ದು: ಫ್ಲಾಪ್ ಆದ ಮೇಲೆ

ಇಲ್ಲಿಂದ ಒಂದು ಕೈಯನ್ನು ಹತ್ತಿರದಿಂದ ನೋಡೋಣ. ನಿಮ್ಮ ಹತ್ತಿರ 5000, ಬ್ಲೈಂಡ್ 25-50. ನಡು ಸೀಟಿನಲ್ಲಿ ರಾಣಿಯ ಜೋಡಿ ಬಂತು. 200 ಹಾಕಿದಿರಿ. ಇಬ್ಬರು ಕಾಲ್ ಮಾಡಿದರು, ಬ್ಲೈಂಡ್‌ನವರು ಹೋದರು. ಪಾಟ್‌ನಲ್ಲಿ 675 ಇದೆ.

ಫ್ಲಾಪ್: ಇಸ್ಪೀಟು 8, ಡೈಮನ್ 5, ಕಳಾವರ್ 2. ಇದಕ್ಕಿಂತ ಒಳ್ಳೆ ಫ್ಲಾಪ್ ಬೇಡ. ನಿಮ್ಮ ಜೋಡಿಯೇ ದೊಡ್ಡದು, ಒಂದೊಂದು ಎಲೆ ಒಂದೊಂದು ಬಣ್ಣ. 400 ಬೆಟ್ ಹಾಕಿ. ಕಡಿಮೆ ಹಾಕಬೇಡಿ, 8 ಹಿಡಿದವನು, ಚಿಕ್ಕ ಜೋಡಿ ಹಿಡಿದವನು ಕೊಡಲು ತಯಾರಿರುತ್ತಾನೆ. ಒಬ್ಬ ಕಾಲ್ ಮಾಡಿದ, ಇನ್ನೊಬ್ಬ ಹೋದ. ಪಾಟ್ 1475. ನಿಮ್ಮಲ್ಲಿ ಉಳಿದದ್ದು 4400.

ಟರ್ನ್‌ನಲ್ಲಿ, ಅಂದರೆ ಮೇಜಿನ ನಾಲ್ಕನೇ ಎಲೆಯಾಗಿ, ಆಟೀನು ಗುಲಾಮ. ನೀವು 750 ಹಾಕಿದಿರಿ. ಅವನು ಸ್ವಲ್ಪ ಹೊತ್ತು ಬಿಟ್ಟು 2200ಕ್ಕೆ ರೈಸ್ ಮಾಡಿದ.

ಈಗ ಭಾವನ ಪ್ರಶ್ನೆ ಎದುರು ನಿಲ್ಲುತ್ತದೆ. ರಾಣಿಯ ಜೋಡಿ ಅಲ್ವಾ, ಹೇಗೆ ಬಿಡುವುದು? ಕೈ ಪರದೆಯಿಂದ ತೆಗೆಯಿರಿ. ಮೊದಲು ನಿಮ್ಮ ಎಲೆ ಮರೆತು ಅವನ ಎಲೆ ಯೋಚಿಸಿ. ನೀವು ಫ್ಲಾಪ್‌ಗೆ ಮೊದಲು ರೈಸ್ ಮಾಡಿದಿರಿ, ಫ್ಲಾಪ್‌ನಲ್ಲಿ ಬೆಟ್ ಹಾಕಿದಿರಿ, ಟರ್ನ್‌ನಲ್ಲೂ ಹಾಕಿದಿರಿ. ದೊಡ್ಡ ಜೋಡಿ ಇದೆ ಅಂತ ಮೂರು ಸಲ ಹೇಳಿದ ಹಾಗಾಯಿತು. ಅದನ್ನೆಲ್ಲ ಕೇಳಿಯೂ ಅವನು ರೈಸ್ ಮಾಡುತ್ತಿದ್ದಾನೆ. ಯಾವ ಕೈಯಲ್ಲಿ ಹಾಗೆ ಮಾಡುತ್ತಾನೆ? 8ರ ಜೋಡಿ, 5ರ ಜೋಡಿ, 2ರ ಜೋಡಿ ಹಿಡಿದು ಮೂರು ಒಂದೇ ಆದವನು. ಗುಲಾಮನ ಜೋಡಿ ಹಿಡಿದು ಈಗ ಮೂರು ಆದವನು. ಗುಲಾಮ-8 ಹಿಡಿದು ಎರಡು ಜೋಡಿ ಆದವನು. ಇವರೆಲ್ಲರೂ ನಿಮ್ಮನ್ನು ಸೋಲಿಸಿದ್ದಾರೆ. ನಿಮಗೆ ಸೋಲುವವರಲ್ಲಿ ಯಾರು ಹೀಗೆ ರೈಸ್ ಮಾಡುತ್ತಾರೆ? ಎಕ್ಕ-ಗುಲಾಮ ಹಿಡಿದ ಆತುರದವನೊಬ್ಬ ಇರಬಹುದು. ಜಾಸ್ತಿ ಇಲ್ಲ.

ಈಗ ನಿಮ್ಮ ರಾಶಿ ನೋಡಿ. ಫೋಲ್ಡ್ ಮಾಡಿದರೆ 3650 ಉಳಿಯುತ್ತದೆ. ಅದು 73 ಬಿಗ್ ಬ್ಲೈಂಡ್. ಇನ್ನೂ ಆರಂಭದಲ್ಲೇ ಇದ್ದೀರಿ, ಟೂರ್ನಮೆಂಟ್ ಎಲ್ಲಿಗೂ ಹೋಗಿಲ್ಲ. ಕಾಲ್ ಮಾಡಿದರೆ ರಿವರ್‌ನಲ್ಲಿ (ಐದನೇ, ಕೊನೆಯ ಎಲೆಯಲ್ಲಿ) ಉಳಿದದ್ದೂ ಕೊಡಬೇಕಾಗುತ್ತದೆ. ನಾನು ಬಿಡುತ್ತೇನೆ. ಹತ್ತರಲ್ಲಿ ಎರಡು ಸಲ ತಪ್ಪಾಗಿ ಬಿಟ್ಟಿರಬಹುದು, ಆಗಲಿ.

ಒಂದು ಜೋಡಿ ಎಷ್ಟೇ ದೊಡ್ಡದಾದರೂ ಒಂದು ಜೋಡಿಯೇ. 100 ಬಿಗ್ ಬ್ಲೈಂಡ್ ಇದ್ದಾಗ ಒಂದು ಜೋಡಿಗೆ ಎರಡು ಬೆಟ್‌ವರೆಗೂ ಧೈರ್ಯವಾಗಿ ಆಡಿ. ಎದುರಿನವನು ರೈಸ್ ಮಾಡಿ ಇಡೀ ರಾಶಿ ಕೇಳಲು ಶುರು ಮಾಡಿದಾಗ ನಿಲ್ಲಿಸಿ ಯೋಚಿಸಿ. 2003ರ ವಿಶ್ವ ಪೋಕರ್ ಸರಣಿಯ ಮುಖ್ಯ ಟೂರ್ನಮೆಂಟಿನ ಕೊನೆಯ ಕೈ ಇದಕ್ಕೆ ಸಾಕ್ಷಿ. 839 ಜನ ಆಡಿದ ಆಟ ಅದು. ಆನ್‌ಲೈನ್ ಅರ್ಹತಾ ಆಟದಿಂದ ಬಂದಿದ್ದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಕೈಯಲ್ಲಿ 5-4 ಇತ್ತು, ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ ಕೈಯಲ್ಲಿ ಗುಲಾಮ-10. ಫ್ಲಾಪ್‌ನಲ್ಲಿ ಗುಲಾಮ, 5, 4 ಬಿತ್ತು. ಫರ್ಹಾಗೆ ಮೇಜಿನ ಅತಿ ದೊಡ್ಡ ಎಲೆಯ ಜೋಡಿ. ಮನಿಮೇಕರ್‌ಗೆ ಎರಡು ಚಿಕ್ಕ ಜೋಡಿ. ಚಿಪ್ಸ್ ಎಲ್ಲ ಅಲ್ಲೇ ಒಳಗೆ ಹೋಯಿತು. ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ. ಅಲ್ಲಿ ಇದ್ದದ್ದು ಇಬ್ಬರೇ, ಆದ್ದರಿಂದ ಫರ್ಹಾ ಆಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ 9 ಜನರ ಮೇಜಿನಲ್ಲಿ ಮೊದಲ ಗಂಟೆಯಲ್ಲಿ ಅದೇ ಕೆಲಸ ಮಾಡಲು ನಿಮಗೆ ಕಾರಣ ಇಲ್ಲ.

ಮೇಲೆ ದೊಡ್ಡ ಎಲೆ ಬಿದ್ದರೆ

ರಾಜನ ಜೋಡಿ ಹಿಡಿದಾಗ ಫ್ಲಾಪ್‌ನಲ್ಲಿ ಎಕ್ಕ ಬೀಳುವುದು 100ಕ್ಕೆ ಸುಮಾರು 23 ಸಲ. ರಾಣಿಯ ಜೋಡಿ ಹಿಡಿದಾಗ ಎಕ್ಕವೋ ರಾಜನೋ ಬೀಳುವುದು 41 ಸಲ. ಗುಲಾಮನ ಜೋಡಿಗೆ ಮೇಲಿನ ಎಲೆ ಬೀಳುವುದು 57 ಸಲ, ಅರ್ಧಕ್ಕಿಂತ ಜಾಸ್ತಿ. ಅಂದರೆ ಇದು ದುರದೃಷ್ಟ ಅಲ್ಲ, ಬರಬೇಕಾದ ಲೆಕ್ಕವೇ. "ನನಗೆ ಮಾತ್ರ ಯಾಕೆ ಯಾವಾಗಲೂ ಎಕ್ಕ ಬೀಳುತ್ತದೆ?" ಅಂತ ಗುಂಪಿನಲ್ಲಿ ವಾರಕ್ಕೊಬ್ಬರು ಕೇಳುತ್ತಾರೆ. ಎಲ್ಲರಿಗೂ ಬೀಳುತ್ತದೆ.

ಎದುರು ಒಬ್ಬನೇ ಇದ್ದರೆ ಪಾಟ್‌ನ ಮೂರನೇ ಒಂದರಷ್ಟು ಬೆಟ್ ಹಾಕಿ ನೋಡಿ. ಅವನು ಕಾಲ್ ಮಾಡಿದರೆ ಅಲ್ಲಿಗೆ ನಿಲ್ಲಿಸಿ, ಮುಂದೆ ಚೆಕ್ ಮಾಡಿ (ಬೆಟ್ ಹಾಕದೆ ಸರದಿ ದಾಟಿಸಿ) ಅಗ್ಗಕ್ಕೆ ಕೊನೆಗೆ ಹೋಗಲು ನೋಡಿ. ಮೂವರು ಒಳಗಿದ್ದು ಎಕ್ಕ ಬಿದ್ದು ಒಬ್ಬ ಬೆಟ್ ಹಾಕಿದರೆ, ಹೋಗಲಿ ಬಿಡಿ.

ಎಕ್ಕ-ರಾಜನ ಸ್ವಭಾವ ಬೇರೆ. ಅದು ಜೋಡಿ ಅಲ್ಲ, ಜೋಡಿ ಆಗಬಹುದಾದ ಕೈ. ಫ್ಲಾಪ್‌ನಲ್ಲಿ ಎಕ್ಕವೋ ರಾಜನೋ ಸಿಗುವುದು ಮೂರು ಸಲದಲ್ಲಿ ಒಮ್ಮೆ. ಉಳಿದ ಎರಡು ಸಲ ನಿಮ್ಮ ಕೈಯಲ್ಲಿ ಏನೂ ಇಲ್ಲ. ಒಬ್ಬನೆದುರು ಒಮ್ಮೆ ಬೆಟ್ ಹಾಕಬಹುದು, ಮೂವರೆದುರು ಬೇಡ. ಸಿಕ್ಕದಿದ್ದರೂ ಎಕ್ಕ-ರಾಜ ಅನ್ನುವ ಹೆಸರಿಗೆ ಮರುಳಾಗಿ ಕಾಲ್ ಮಾಡುತ್ತಾ ಹೋಗುವವರು ಬಹಳ ಜನ.

ಚಿಕ್ಕ ಜೋಡಿಗಳ ಬಗ್ಗೆ ಎರಡು ಮಾತು ಸಾಕು. ಫ್ಲಾಪ್‌ನಲ್ಲಿ ಮೂರು ಒಂದೇ ಆಗುವುದು ಎಂಟೂವರೆ ಸಲಕ್ಕೆ ಒಮ್ಮೆ. ಆದ್ದರಿಂದ 150 ಕೊಟ್ಟು ನೋಡುವಾಗ ಎದುರಿನವನ ಹತ್ತಿರ ಕನಿಷ್ಠ ಅದರ 15-20 ಪಟ್ಟು ಇರಬೇಕು, ಸಿಕ್ಕಾಗ ಅಷ್ಟು ವಸೂಲಾಗಬೇಕು. ಆರಂಭದಲ್ಲಿ ಇದು ಸರಿ ಹೊಂದುತ್ತದೆ. ಸಿಗದಿದ್ದರೆ ಬಿಡಿ.

ಮೊಬೈಲು, ಮಳೆ, ಕರೆಂಟು

ಆನ್‌ಲೈನ್ ಅಂದಮೇಲೆ ಇದನ್ನೂ ಹೇಳಲೇಬೇಕು. ನಮ್ಮಲ್ಲಿ ಗುಡುಗು ಕೇಳಿದರೆ ಕರೆಂಟು ಹೋಗುತ್ತದೆ, ಅದರ ಜೊತೆಗೆ ವೈಫೈ. ಆಟಕ್ಕೆ ಕೂರುವ ಮೊದಲು ಮೊಬೈಲ್ ಡೇಟಾ ಚಾಲೂ ಇದೆಯಾ, ಚಾರ್ಜ್ ಇದೆಯಾ ನೋಡಿ. ಮನೆಯಲ್ಲಿ ಸಿಗ್ನಲ್ ಸಿಗುವ ಮೂಲೆಯಲ್ಲೇ ಕೂತುಕೊಳ್ಳಿ. ಹೆಚ್ಚಿನ ಆಪ್‌ಗಳಲ್ಲಿ ಸಂಪರ್ಕ ತಪ್ಪಿ ಸಮಯ ಮುಗಿದರೆ ಕೈ ತಾನಾಗಿ ಫೋಲ್ಡ್ ಆಗುತ್ತದೆ. ಎಕ್ಕದ ಜೋಡಿ ಹಾಗೆ ಹೋಗುವುದನ್ನು ನಾನು ಕಂಡಿದ್ದೇನೆ. ಆ ಸಂಕಟ ಬೇಡ.

ನಿಮ್ಮ ಸರದಿ ಬರುವ ಮೊದಲೇ ಒತ್ತಿಡುವ ಬಟನ್‌ಗಳಿರುತ್ತವೆ. "ಎಷ್ಟಿದ್ದರೂ ಕಾಲ್" ಅನ್ನುವುದನ್ನು ಯಾವತ್ತೂ ಒತ್ತಬೇಡಿ. ಹೆಚ್ಚುವರಿ ಸಮಯ ಕೊಡುವ ಸೌಲಭ್ಯ ಇದ್ದರೆ ಅದನ್ನು ಫ್ಲಾಪ್ ಆದ ಮೇಲಿನ ಕಷ್ಟದ ತೀರ್ಮಾನಕ್ಕೆ ಉಳಿಸಿ. ಆಟಗಾರರ ಹೆಸರಿನ ಮೇಲೆ ಒತ್ತಿದರೆ ಟಿಪ್ಪಣಿ ಬರೆಯಲು ಜಾಗ ಇರುತ್ತದೆ, ಅದನ್ನು ಬಳಸಿ. ಕೈ ಫೋಲ್ಡ್ ಮಾಡಿ ಯೂಟ್ಯೂಬ್ ನೋಡುವ ಬದಲು ಬೇರೆಯವರು ಕೊನೆಗೆ ತೋರಿಸಿದ ಎಲೆ ನೋಡಿ. "ಚಿಕ್ಕ ಜೋಡಿಗೂ 300 ಕೊಡುತ್ತಾನೆ" ಅನ್ನುವ ಒಂದು ಸಾಲು ಮುಂದಿನ ವಾರ ನಿಮ್ಮ ರಾಣಿಯ ಜೋಡಿಗೆ ಬೆಲೆ ತರುತ್ತದೆ.

ಸರಿಯಾಗಿ ಆಡಿಯೂ ಸೋಲುವ ದಿನ ಬರುತ್ತದೆ. 85 ಗೆಲ್ಲುವ ಕೈ 15 ಸಲ ಸೋಲುತ್ತದೆ, ಆ 15ರಲ್ಲಿ ಒಂದು ಇವತ್ತೇ ಇರಬಹುದು. ಚಿಪ್ಸ್ ಅರ್ಧ ಹೋದ ಮರುಕ್ಷಣ ಬರುವ ಕೈ ಅತಿ ಅಪಾಯದ್ದು. ಎದ್ದು ಒಂದು ಲೋಟ ನೀರು ಕುಡಿದು ಬನ್ನಿ. ಎರಡು ಕೈ ತಪ್ಪಿದರೆ 100 ಚಿಪ್ಸ್ ಕೂಡ ಹೋಗುವುದಿಲ್ಲ.

ಮನೆಯಲ್ಲೇ ಅಭ್ಯಾಸ

ಭಾವನಿಗೆ ನಾನು ಕೊಟ್ಟ ಅಭ್ಯಾಸ ನಿಮಗೂ ಕೊಡುತ್ತೇನೆ. ಮನೆಯಲ್ಲಿರುವ ಇಸ್ಪೀಟು ಕಟ್ಟು ತೆಗೆಯಿರಿ. ಎರಡು ರಾಣಿ ಆರಿಸಿ ಎದುರಿಗಿಡಿ. ಉಳಿದ 50 ಎಲೆ ಚೆನ್ನಾಗಿ ಕಲಸಿ ಮೇಲಿನ ಮೂರು ತಿರುಗಿಸಿ. ಎಕ್ಕವೋ ರಾಜನೋ ಬಿತ್ತಾ? ಕಾಗದದಲ್ಲಿ ಒಂದು ಗೀಟು ಹಾಕಿ. ಆಮೇಲೆ ಆ ಮೂರು ಎಲೆ ನೋಡಿ ಗಟ್ಟಿಯಾಗಿ ಹೇಳಿ: ನನ್ನನ್ನು ಈಗ ಸೋಲಿಸುತ್ತಿರುವ ಕೈ ಯಾವುವು? ಒಂದು ಬೆಟ್‌ಗೆ ಕಾಲ್ ಮಾಡುವವನು ಯಾರು, ರೈಸ್ ಮಾಡುವವನು ಯಾರು? ಹೀಗೆ 20 ಸಲ. ಮಕ್ಕಳಿದ್ದರೆ ಅವರೇ ಎಲೆ ತಿರುಗಿಸಲಿ, ಖುಷಿಯಿಂದ ಮಾಡುತ್ತಾರೆ. ಮರುದಿನ ಎರಡು ಐದು ಇಟ್ಟು ಇದನ್ನೇ ಮಾಡಿ, ಇನ್ನೊಂದು ಐದು ಎಷ್ಟು ಸಲ ಬಿತ್ತು ಅಂತ ಬರೆದಿಡಿ.

ಭಾವ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಗೀಟು ಹಾಕಿದ್ದ. ರಾಣಿಯ ಜೋಡಿಗೆ ಮೊದಲ 20ರಲ್ಲಿ 11 ಸಲ ಮೇಲಿನ ಎಲೆ ಬಿದ್ದಿತ್ತು, ಎರಡನೇ 20ರಲ್ಲಿ 6 ಸಲ. ಅದರ ಮುಂದಿನ ಭಾನುವಾರ ರಾತ್ರಿ ಅವನಿಂದ ಒಂದು ಮೆಸೇಜು ಬಂತು: "ರಾಜನ ಜೋಡಿ ಟರ್ನ್‌ನಲ್ಲಿ ಬಿಟ್ಟೆ ಭಾವ. 3900 ಉಳಿದಿದೆ. ಇನ್ನೂ ಆಡುತ್ತಿದ್ದೇನೆ."